ಧ್ವನಿಪೆಟ್ಟಿಗೆಯ ಪಾಠ

ಗಂಟಲನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬ ಪಾಠವನ್ನು ಕಿರುಚಿ ಕಿರುಚಿ ಹೇಳಿಕೊಟ್ಟು ಅನ್ನಪೂರ್ಣಾ ತನ್ನ ಗಂಟಲನ್ನೇ ಕಳೆದುಕೊಂಡಳು.

ತಪ್ಪು ಪೂರ್ತಿ ಅವಳದೇ ಎನ್ನುವಂತಿಲ್ಲ. ಗೋಕಾಕದ ಬಿ.ಎಡ್. ಕಾಲೇಜಿನವರು ಅಭ್ಯಾಸ ಪಾಠಕ್ಕೆಂದು ಅವಳನ್ನು ಹಾಕಿದ್ದು ಮೂಡಲಗಿಯ ಒಂದು ಪ್ರೌಢಶಾಲೆಗೆ. ಅಲ್ಲಿ ಎಂಟನೇ ತರಗತಿಯ ಕಿಟಕಿಗೂ ರಸ್ತೆಗೂ ನಡುವೆ ಒಂದು ಬೇವಿನ ಗಿಡ ಮಾತ್ರ. ಕಬ್ಬಿನ ಹಂಗಾಮು ಬೇರೆ. ಒಂದರ ಬೆನ್ನಿಗೊಂದು ಟ್ರ್ಯಾಕ್ಟರ್, ಒಂದೊಂದರಲ್ಲೂ ಕಬ್ಬಿಗಿಂತ ಹೆಚ್ಚು ತೂಗುವಂಥ ಸ್ಪೀಕರ್. "ಮಕ್ಕಳೇ, ಜೋರಾಗಿ ಕಿರುಚಬಾರದು" ಎಂಬ ವಾಕ್ಯ ಹಿಂದಿನ ಬೆಂಚಿಗೆ ಮುಟ್ಟಬೇಕಾದರೆ ಅದನ್ನು ಕಿರುಚಿಯೇ ಹೇಳಬೇಕು.

ಪರೀಕ್ಷಕರ ಮುಂದೆ ತಡವರಿಸಬಾರದೆಂದು ಅಂತಿಮ ಪಾಠವನ್ನು ಅದೇ ಮಕ್ಕಳ ಮುಂದೆ ಮೊದಲೇ ತಿಕ್ಕಿ ತೊಳೆದಿಡುವುದು ಬಿ.ಎಡ್. ಓದುವವರ ಹಳೆಯ ಪದ್ಧತಿ. ಗೆಳತಿಯರು ಒಂದೆರಡು ಸಲ ತಾಲೀಮು ಮಾಡಿ ಮುಗಿಸಿದರು. ಅನ್ನಪೂರ್ಣಾಳಿಗೆ ತನ್ನ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ವಾರವಿಡೀ ತಿಕ್ಕಿದಳು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವಳಿಗೆ ದೊಡ್ಡ ದನಿಯ ಅಗತ್ಯವೇ ಬಿದ್ದಿರಲಿಲ್ಲ. ಮೂಲೆಗೆ ನಿಲ್ಲಿಸಿದ್ದ ಸೈಕಲ್ಲನ್ನು ಒಮ್ಮೆಲೇ ಗೋಕಾಕದ ಘಾಟು ಹತ್ತಿಸಿದರೆ ಏನಾಗುತ್ತದೋ ಅದೇ ಆಯಿತು.

ಅಂತಿಮ ಪಾಠದ ಬೆಳಿಗ್ಗೆ ಕೊಣ್ಣೂರಿನ ಮನೆಯಲ್ಲಿ ಎದ್ದು "ಅತ್ತೀ" ಎಂದಳು. ಕರೆಂಟು ಹೋದಾಗ ಪಂಪ್‌ಸೆಟ್ಟಿನ ಪೈಪಿನಿಂದ ಬರುವಂಥ ಗಾಳಿ ಬಂತು. ನೀರು ಬರಲಿಲ್ಲ.

ಅತ್ತೆ ಗೌರವ್ವ ಒಲೆಯ ಮುಂದಿನಿಂದ ತಿರುಗಿದಳು. "ಯಾಕ, ಏನಾತು? ಬಾಯಿ ತಗದ ನಿಂತಿ?"

ಅನ್ನಪೂರ್ಣಾ ಗಂಟಲು ತೋರಿಸಿ ಕೈ ಅಲ್ಲಾಡಿಸಿದಳು.

"ಅಯ್ಯ ಶಿವನ! ಇವತ್ತ ಹೋಗಬೇಕಿತ್ತೇನ ಆ ಸುಡಗಾಡ ದನಿ?"

ಸೊಸೆಯನ್ನು ಕಾಲೇಜಿಗೆ ಹಾಕಿದವಳೇ ಗೌರವ್ವ. ಈ ಪಾಠವೊಂದು ದಾಟಿದರೆ ಬಿ.ಎಡ್. ಮುಗಿಯಿತು, ಜೂನಿನಲ್ಲಿ ಮೇಲವಂಕಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿಯ ಕೆಲಸ. ದಾಟದಿದ್ದರೆ ಇನ್ನೊಂದು ವರ್ಷ, ಆ ಕೆಲಸ ಬೇರೆಯವರಿಗೆ. ಈ ವಿಷಯವನ್ನು ಗೌರವ್ವ ಇಡೀ ಓಣಿಗೆ ಹೇಳಿಯಾಗಿತ್ತು. ಹಾಗಾಗಿ ದನಿ ಹೋದ ಸುದ್ದಿಯೂ ಓಣಿಯ ಸ್ವತ್ತಾಯಿತು.

ಮೊದಲು ಬಂದವಳು ಬಾಜೂ ಮನೆಯ ಪಾರವ್ವ, ಕೈಯಲ್ಲಿ ಜ್ಯೇಷ್ಠಮಧುವಿನ ಬೇರು. "ದವಡ್ಯಾಗ ಇಟಗೊಂಡ ರಸಾ ನುಂಗ. ನುಂಗ ಅಂದ್ನಿ, ಅಗದ ಉಗುಳ ಅನ್ಲಿಲ್ಲ!" ಆಮೇಲೆ ಬಂದ ಸೀತವ್ವ ಅದನ್ನು ತೆಗೆಸಿ ಹಸಿಶುಂಠಿ, ಉಪ್ಪು ತುರುಕಿದಳು. ಗೌರವ್ವ ಇಬ್ಬರನ್ನೂ ಸರಿಸಿ ಅರಿಷಿಣದ ಹಾಲು ಕುಡಿಸಿದಳು. ಮೂರೂ ಹೊಟ್ಟೆಯಲ್ಲಿ ಸೇರಿ ತಮ್ಮತಮ್ಮಲ್ಲೇ ಜಗಳ ಹೂಡಿದವು. ದನಿ ಮಾತ್ರ ಬರಲಿಲ್ಲ.

"ಈಗ ಮಾತಾಡ ನೋಡೂಣು," ಎಂದಳು ಪಾರವ್ವ.

ಅನ್ನಪೂರ್ಣಾ ಪ್ರಯತ್ನಿಸಿದಳು.

"ಮೊದಲ ಇಷ್ಟ ಗಾಳೀನೂ ಬರ್ತಿದ್ದಿಲ್ಲ," ಎಂದು ಸೀತವ್ವ ಸಮಾಧಾನ ಹೇಳಿದಳು.

ಕೊರಳಿಗೆ ಮಫ್ಲರ್ ಸುತ್ತಿ ಅವಳನ್ನು ಹೊರಡಿಸಿದರು. ಕಂಕುಳಲ್ಲಿ ಸುರುಳಿ ಸುತ್ತಿದ ಚಿತ್ರಪಟ. ಅದರಲ್ಲಿ ಮನುಷ್ಯನ ಧ್ವನಿಪೆಟ್ಟಿಗೆ. ಎರಡು ರಾತ್ರಿ ಕೂತು ಬಣ್ಣ ತುಂಬಿದ್ದಳು. ಕೆಂಪು ತುಸು ಹೆಚ್ಚಾಗಿತ್ತು.

ಗೋಕಾಕದಲ್ಲಿ ಮೂಡಲಗಿಯ ಬಸ್ಸು ಹತ್ತಿದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಹೆಂಗಸರಿಗೆ ಟಿಕೆಟು ಪುಕ್ಕಟೆಯೇನೋ ಸರಿ, ಊರ ಹೆಸರನ್ನಾದರೂ ಬಾಯಿಬಿಟ್ಟು ಹೇಳಬೇಕಲ್ಲ.

"ಎಲ್ಲಿಗ್ರೀ ಅಕ್ಕಾರ?" ಎಂದ ಕಂಡಕ್ಟರ್.

ಅವಳು ಮುಂದಕ್ಕೆ ಬೆರಳು ತೋರಿಸಿದಳು.

"ಮುಂದ ಅಂದ್ರ ಮುಂದ ಭಾಳ ಊರು ಅದಾವ್ರಿ. ಹೆಸರ ಹೇಳ್ರಿ."

ಪೆನ್ನು, ಮೊಬೈಲು ಎರಡೂ ಕೈಚೀಲದಲ್ಲಿದ್ದವು. ಕೈಚೀಲ ಇಬ್ಬರು ಅಜ್ಜಿಯರ ನಡುವೆ ಸಿಕ್ಕಿಕೊಂಡಿತ್ತು. ಕೈಗೆ ಸಿಕ್ಕಿದ್ದು ಚಿತ್ರಪಟವೊಂದೇ. ತಾನು ಪಾಠ ಮಾಡುವವಳು ಎಂದಾದರೂ ತಿಳಿಯಲೆಂದು ಅದನ್ನೇ ಬಿಡಿಸಿ ತೋರಿಸಿದಳು. ಶಾಲೆಗೆ ಹೊರಟವಳು ಎಂದು ಹೊಳೆಯದ ಮೂರ್ಖ ಯಾರಿದ್ದಾನು ಎಂಬುದು ಅವಳ ಲೆಕ್ಕ. ಇಂಥ ಲೆಕ್ಕಗಳಿಂದಲೇ ಅವಳು ಈ ಸ್ಥಿತಿಗೆ ಬಂದಿದ್ದಳು.

ಬಸ್ಸಿಗೆ ಬಸ್ಸೇ ಚಿತ್ರದತ್ತ ಬಾಗಿತು.

"ಯವ್ವಾ! ಗಂಟಲ ಫೋಟೋ ತಗಸ್ಯಾರ ನೋಡ್ರಿ," ಎಂದಳು ಒಬ್ಬ ಅಜ್ಜಿ. "ಹೆಂಗ ಕೆಂಪಗ ಆಗೇತಿ!"

"ಇಷ್ಟ ದೊಡ್ಡ ಫೋಟೋ ಅಂದ್ರ ಬ್ಯಾನಿನೂ ದೊಡ್ಡದ ಇರಬೇಕು," ಎಂದ ಯಾರೋ ತಿಳಿದವನು. "ಎದ್ದೇಳೋ, ಆ ಅಕ್ಕಗ ಜಾಗಾ ಬಿಡು."

ಸೀಟು ಸಿಕ್ಕಿತು. ಜೊತೆಗೆ ಮರುಕವೂ ಸಿಕ್ಕಿತು. ಕಲ್ಲೋಳಿಯಲ್ಲಿ ಗಂಟಲಿಗೆ ಔಷಧ ಕೊಡುವ ಅಜ್ಜ ಒಬ್ಬನಿದ್ದಾನೆ, ಇವಳು ಅಲ್ಲಿಗೇ ಹೊರಟಿರಬೇಕು ಎಂದು ಇಡೀ ಬಸ್ಸು ಒಂದೇ ಮಾತಿಗೆ ಬಂತು. ಅನ್ನಪೂರ್ಣಾ ಜೋರಾಗಿ ತಲೆ ಅಲ್ಲಾಡಿಸಿದಳು.

"ಔಷಧಾ ಅಂದ್ರ ಅಂಜಾಕತ್ತಾಳ, ಪಾಪ," ಎಂದು ಅಜ್ಜಿ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಕಲ್ಲೋಳಿ ಬಂದಾಗ ನಾಲ್ಕು ಕೈಗಳು ಸೇರಿ ಅವಳನ್ನು ಪ್ರೀತಿಯಿಂದ ಕೆಳಗಿಳಿಸಿದವು. ಕಿಟಕಿಯಿಂದ ಕೈಚೀಲ ಬಂತು, ಒಂದು ಬಾಳೆಹಣ್ಣು ಬಂತು, "ಆರಾಮ ಆಗ್ತಿ ಹೋಗವಾ" ಎಂಬ ಆಶೀರ್ವಾದವೂ ಬಂತು. ಬಸ್ಸು ಹೋಯಿತು.

ಇನ್ನೊಂದು ಬಸ್ಸಿನ ಸುಳಿವಿಲ್ಲ. ಬಂದದ್ದು ಮೂಡಲಗಿ ಕಡೆ ಕಬ್ಬಿನ ಹೊಲಕ್ಕೆ ಹೊರಟಿದ್ದ ಖಾಲಿ ಟ್ರ್ಯಾಕ್ಟರ್, ಅದೇ ಸ್ಪೀಕರಿನದು. ಅವಳು ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದಳು. ಡ್ರೈವರ್ ಬಾಳೇಶ ಕೈಸನ್ನೆಯಲ್ಲೇ ಎಲ್ಲಿಗೆಂದು ಕೇಳಿದ. ಅವಳು ಮೊಬೈಲಿನಲ್ಲಿ ಊರ ಹೆಸರು ಬರೆದು ತೋರಿಸಿದಳು. ಅವನು ಕೈಸನ್ನೆಯಲ್ಲೇ ಹತ್ತು ಎಂದ. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ. ಬೆಳಿಗ್ಗೆಯಿಂದ ಅವಳನ್ನು ಸರಿಸಮಾನಳಾಗಿ ಕಂಡವನು ಅವನೊಬ್ಬನೇ. ವಾರವಿಡೀ ಯಾವ ಸ್ಪೀಕರಿನ ಜೊತೆ ಬಡಿದಾಡಿದ್ದಳೋ ಅದರ ಪಕ್ಕದಲ್ಲೇ, ಚಿತ್ರಪಟವನ್ನು ಎದೆಗವಚಿಕೊಂಡು ಕುಲುಕುತ್ತ ಶಾಲೆ ಮುಟ್ಟಿದಳು.

ಗೇಟಿನಲ್ಲಿ ಸಹಪಾಠಿ ಕಾಜಲ್ ಕಾಯುತ್ತಿದ್ದಳು. "ಅಕ್ಕಾ, ಎಲ್ಲಿ ಹಾಳಾಗಿ ಹೋಗಿದ್ದಿ? ಪರೀಕ್ಷಕರು ಕ್ಲಾಸಿನ್ಯಾಗ ಕುಂತ ಗೋಡಿ ನೋಡಾಕತ್ತಾರ!"

ಹಿಂದೆಯೇ ಕಾಲೇಜಿನ ಮಾರ್ಗದರ್ಶಕ ವಿಠ್ಠಲ ಸರ್ ಓಡಿ ಬಂದರು. ಅನ್ನಪೂರ್ಣಾ ಅಂಗೈ ಮೇಲೆ "ದನಿ ಇಲ್ಲ" ಎಂದು ಬರೆದು ತೋರಿಸಿದಳು. ಸರ್ ಅದನ್ನು ಓದಿದರು. ತಪ್ಪು ಓದಿರಬಹುದೆಂಬ ಆಸೆಯಿಂದ ಮತ್ತೊಮ್ಮೆ ಓದಿದರು.

"ಹುಕ್ಕೇರಿಯಿಂದ ಬಂದಾರ, ಬಸವಲಿಂಗ ಸರ್. ನಗೋ ಮನಷ್ಯಾ ಅಲ್ಲ. ಇವತ್ತ ಪಾಠ ಆಗ್ಲಿಲ್ಲಂದ್ರ ಮುಂದಿನ ವರ್ಷನ ನೋಡವಾ. ಒಳಗ ಹೋಗು. ಚಿತ್ರ ತೋರಸು, ಬೋರ್ಡ್ ಮ್ಯಾಲ ಬರಿ. ಬಾಯಿ ಅಲ್ಲಾಡಸ್ಕೋತ ಇರು. ಉಳದದ್ದ ದೇವರಿಗೆ ಬಿಡು."

ಒಳಗೆ ಎಂಟನೇ ತರಗತಿ ಎದ್ದು ನಿಂತು ನಮಸ್ಕಾರ ಹೇಳಿತು. ಹಿಂದಿನ ಬೆಂಚಿನಲ್ಲಿ ಬಸವಲಿಂಗ ಸರ್ ಪೆನ್ನಿನ ಟೋಪಿ ತೆಗೆದರು. ಅನ್ನಪೂರ್ಣಾ ಚಿತ್ರಪಟ ತೂಗುಹಾಕಿದಳು, ಕಡ್ಡಿ ಹಿಡಿದಳು, ಬಾಯಿ ತೆರೆದಳು. ಗಾಳಿ ಬಂತು.

ಮತ್ತೆ ತೆರೆದಳು. ಮತ್ತೆ ಗಾಳಿ.

ಮುಂದಿನ ಬೆಂಚಿನ ಪೂನಮ್‌ಗೆ ಕನಿಕರವಾಯಿತು. ಟೀಚರು ಮೊದಲ ವಾಕ್ಯವನ್ನೇ ಮರೆತರೆಂದು ತಿಳಿದು ತಾನೇ ಎದ್ದು ಹೇಳಿದಳು: "ಮಕ್ಕಳೇ, ಎಲ್ಲರೂ ಗಂಟಲ ಮೇಲೆ ಬೆರಳಿಟ್ಟು 'ಆ' ಎನ್ನಿ. ಏನು ತಿಳಿಯುತ್ತದೆ?"

ಇಡೀ ತರಗತಿ ಗಂಟಲ ಮೇಲೆ ಬೆರಳಿಟ್ಟು "ಆ" ಎಂದಿತು.

"ನಡುಗಾಕತ್ತೇತ್ರಿ!" ಎಂದ ಸ್ವಪ್ನಿಲ್. ಉತ್ತರ ಹೇಳಿದವನೇ ಟೀಚರ ಮುಂದಿನ ಮಾತನ್ನೂ ತಾನೇ ಹೇಳಿದ: "ಶಾಬಾಸ್ ಸ್ವಪ್ನಿಲ್, ಕುಳಿತುಕೋ."

ಆಮೇಲೆ ಪಾಠವನ್ನು ತಡೆಯುವವರೇ ಇರಲಿಲ್ಲ. ಅನ್ನಪೂರ್ಣಾ ಕಡ್ಡಿ ಇಟ್ಟಲ್ಲಿ ಮಕ್ಕಳು ಹೆಸರು ಹೇಳಿದರು. ಪ್ರಶ್ನೆಯನ್ನು ಎಡಗಡೆಯ ಸಾಲು ಕೇಳಿದರೆ ಬಲಗಡೆಯದು ಉತ್ತರಿಸಿತು. ಪ್ರತಿ ವಾಕ್ಯದ ಕೊನೆಗೂ ಎಲ್ಲರೂ ಸೇರಿ "ಅರ್ಥ ಆತಿಲ್ಲ?" ಎಂದರು. ತಾನು ಇಷ್ಟು ಸಲ ಹಾಗೆನ್ನುತ್ತೇನೆಂದು ಅನ್ನಪೂರ್ಣಾಳಿಗೆ ಇವತ್ತೇ ತಿಳಿದದ್ದು. ಕನ್ನಡಿಯಂಗಡಿಯಲ್ಲಿ ಸಿಕ್ಕಿಬಿದ್ದವಳಂತೆ ಎತ್ತ ತಿರುಗಿದರೂ ಅವಳಿಗೆ ತಾನೇ ಕಂಡಳು.

ಹೊರಗೆ ಟ್ರ್ಯಾಕ್ಟರ್ ಹಾಯಿತು. ಮಕ್ಕಳು ಒಮ್ಮೆಲೇ ನಿಲ್ಲಿಸಿದರು. ಪೂನಮ್ ವಾರವಿಡೀ ಟೀಚರು ಮಾಡಿದಂತೆಯೇ ಸೊಂಟದ ಮೇಲೆ ಕೈಯಿಟ್ಟು ಕಿಟಕಿಯತ್ತ ನೋಡಿ, "ಇವನ ಸ್ಪೀಕರಿಗೆ ಬೆಂಕಿ ಹತ್ತಲಿ," ಎಂದು ಶಾಂತವಾಗಿ ಹೇಳಿ ಮುಂದುವರಿದಳು: "ಆದ್ದರಿಂದ ಮಕ್ಕಳೇ, ಮೆಲ್ಲಗೆ ಮಾತನಾಡಬೇಕು, ಆಗಾಗ ನೀರು ಕುಡಿಯಬೇಕು."

ಬಾಗಿಲಲ್ಲಿದ್ದ ವಿಠ್ಠಲ ಸರ್ ಕಣ್ಣು ಮುಚ್ಚಿಕೊಂಡರು. ಬಸವಲಿಂಗ ಸರ್ ಮಾತ್ರ ಏನೋ ಬರೆದರು. ಆಮೇಲೆ ಬರೆಯುವುದನ್ನು ಬಿಟ್ಟು ಬರೀ ನೋಡುತ್ತ ಕುಳಿತರು. ಮೇಲವಂಕಿಯ ಶಾಲೆ ಅನ್ನಪೂರ್ಣಾಳ ಕಣ್ಣೆದುರೇ ಹೊಳೆಯಲ್ಲಿ ತೇಲಿಹೋಯಿತು.

ಗಂಟೆ ಹೊಡೆಯಿತು. ಬಸವಲಿಂಗ ಸರ್ ಎದ್ದು ನಿಂತರು. ನಗದ ಮುಖದಲ್ಲಿ ಮೀಸೆಯ ಒಂದು ತುದಿ ಮೇಲೆದ್ದಿತ್ತು.

"ಪರೀಕ್ಷಾ ಪಾಠ ಕೇಳಿ ಕೇಳಿ ನನ್ನ ಕಿವಿ ಕೆಟ್ಟ ಹೋಗ್ಯಾವ್ರಿ. ಎಲ್ಲಾರೂ ಒದರವ್ರ. ಗಂಟಲ ಉಳಿಸ್ಕೋರಿ ಅಂತ ಗಂಟಲ ಹರ್ಕೊಂಡ ಹೇಳ್ತಾರ. ಮಕ್ಕಳ ಬಾಯಿಲೆ ಪಾಠ ಮಾಡ್ಸಿ, ತಾನು ಒಂದ ಮಾತೂ ಆಡದ ನಿಂತಾಕಿ ನೀವ ಮೊದಲ. ಧ್ವನಿ ಕಾಳಜಿ ಅಂದ್ರ ಇದು!"

ಬಾಗಿಲಲ್ಲಿ ಕಾಜಲ್ ಚಪ್ಪಾಳೆ ತಟ್ಟಿಬಿಟ್ಟಳು. ವಿಠ್ಠಲ ಸರ್ ಕಣ್ಣು ತೆರೆದರು. ಹೊಳೆಯಲ್ಲಿ ತೇಲಿಹೋಗಿದ್ದ ಶಾಲೆ ತಿರುಗಿ ಬಂದು ದಡದಲ್ಲಿ ನಿಂತಿತು.

"ಆದ್ರ ಒಂದ ಮಾತು," ಎಂದರು ಬಸವಲಿಂಗ ಸರ್. "ನಾ ಹಾಕಬೇಕಂತ ಮಾಡಿರೋ ಅಂಕ ನೋಡಿದ್ರ ಯಾರೂ ನಂಬೂದಿಲ್ಲ. ನಾಳೆ ನಮ್ಮ ಹುಕ್ಕೇರಿ ಕಾಲೇಜಿನ್ಯಾಗ ಧ್ವನಿ ಆರೋಗ್ಯದ ಕಾರ್ಯಾಗಾರ ಐತಿ. ಎಲ್ಲಾ ಕಾಲೇಜಿನವ್ರು ಬರ್ತಾರ. ಇದ ಪಾಠ ಅಲ್ಲಿ ಮಾಡ್ರಿ. ಅಲ್ಲಿ ಕುಂಡ್ರೋ ಸಾಲಿ ಹುಡುಗೂರು ಹೊಸಬ್ರು, ಈ ಪಾಠದ ಗಾಳೀನೂ ಅವ್ರಿಗೆ ತಾಗಿಲ್ಲ. ಎಲ್ಲಾರ ಕಣ್ಣಮುಂದ ಅಲ್ಲೇ ಅಂಕ ಹಾಕ್ತೇನಿ. ಪಾಠ ಮುಗದ ಮ್ಯಾಲ ಒಂದ ತಾಸು ನಿಮ್ಮ ಭಾಷಣ. ಒಪ್ಪಿಗಿನೋ?"

ಅಂಗೈಯ ಬರಹ ತೋರಿಸಿದರೆ ಗುಟ್ಟು ಬಯಲಾಗಿ ಅಂಕವೂ ಹೋದೀತು. ಅನ್ನಪೂರ್ಣಾ ಬೇಡವೆಂದು ತಲೆ ಅಲ್ಲಾಡಿಸಿದಳು. ಕೈ ಮುಗಿದಳು. ಮತ್ತೆ ತಲೆ ಅಲ್ಲಾಡಿಸಿದಳು.

"ಇಷ್ಟ ವಿನಯಾ ಒಳ್ಳೇದಲ್ಲ ಬಿಡ್ರಿ. ಬಾಯಿಬಿಟ್ಟ ಹೇಳ್ರಿ."

ಮೈಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಅವಳು "ಆಗೂದಿಲ್ಲ" ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಎಂಟನೇ ತರಗತಿ ಎದ್ದು ನಿಂತಿತು. ಪ್ರತಿ ತಾಲೀಮಿನ ಕೊನೆಗೂ ವಿಠ್ಠಲ ಸರ್ ಇದೇ ಹಿಂದಿನ ಬೆಂಚಿನಿಂದ ಎದ್ದು ಒಂದು ರಾಶಿ ತಿದ್ದುಪಡಿ ಹೇಳುತ್ತಿದ್ದರು. ಅನ್ನಪೂರ್ಣಾ ಪ್ರತಿಸಲವೂ ತಲೆ ಬಗ್ಗಿಸಿ ಕೊಡುತ್ತಿದ್ದ ಉತ್ತರ ಒಂದೇ. ಮಕ್ಕಳ ಪಾಲಿಗೆ ಪಾಠ ಮುಗಿಯುತ್ತಿದ್ದದ್ದೇ ಆ ಮಾತಿನಿಂದ.

ಎಲ್ಲರೂ ತಲೆ ಬಗ್ಗಿಸಿ, ಅವಳದೇ ರಾಗದಲ್ಲಿ, ಕಿಟಕಿ ನಡುಗುವಂತೆ ಹೇಳಿದರು:

"ಆಗ್ಲಿ ಸರ್, ಹಂಗ ಮಾಡ್ತೇನ್ರಿ!"