ದವಾಖಾನೆಯ ಬೋಣಿಗೆ

ಮಗನನ್ನು ಡಾಕ್ಟರನನ್ನಾಗಿ ಮಾಡುವುದು ಸುಲಭ, ಆಮೇಲೆ ಆ ಡಾಕ್ಟರನನ್ನು ಏನು ಮಾಡಬೇಕೆಂಬುದೇ ಕಷ್ಟ. ಇದು ದುಂಡಸಿಯ ಕರಿಬಸಪ್ಪನವರಿಗೆ ಅರವತ್ಮೂರನೆಯ ಇಸವಿಯ ದೀಪಾವಳಿ ಹೊತ್ತಿಗೆ ತಿಳಿಯಿತು. ಮಗ ನೀಲಪ್ಪ ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ ಬಂದಿದ್ದ. ಮಿಲಿಟರಿ ಸೇರಲಿ ಎಂದರು ಕೆಲವರು, ಕಾಲೇಜಿನಲ್ಲಿ ಪಾಠ ಹೇಳಲಿ ಎಂದರು ಇನ್ನು ಕೆಲವರು. ಅದೇ ಆರು ವರ್ಷದಲ್ಲಿ ದನದ ಡಾಕ್ಟರಕಿ ಕಲಿತಿದ್ದರೆ ಊರಿಗೆ ಉಪಯೋಗವಾದರೂ ಆಗುತ್ತಿತ್ತೆಂದು ಪಕ್ಕದ ಮನೆಯ ಗುದ್ಲೆಪ್ಪ ಹಳಹಳಿಸಿದ. ಅಷ್ಟರಲ್ಲಿ ಹಿರೇಕೆರೂರಿನ ಸರಕಾರಿ ದವಾಖಾನೆಗೆ ಹಾಜರಾಗಬೇಕೆಂಬ ಕಾಗದ ಬಂತು. ಮಗನ ಮುಖ ಅರಳಿತು, ಅಪ್ಪನದು ಬಾಡಿತು. ಇರುವವನೊಬ್ಬನೇ ಮಗ. ಅವನಿಲ್ಲದೆ ಉಂಡ ರೊಟ್ಟಿ ಕರಿಬಸಪ್ಪನವರಿಗೆ ರುಚಿಸಿರಲಿಲ್ಲ. (ತಿಂದದ್ದೇನೂ ಕಡಿಮೆಯಲ್ಲ, ರುಚಿಸಿರಲಿಲ್ಲ ಅಷ್ಟೆ.)

"ಊರಾಗ ದವಾಖಾನಿ ತೆಗಿ. ಎಂಟು ದಿನದಾಗ ಒಬ್ಬರೂ ಬರಲಿಲ್ಲ ಅಂದ್ರ ನಾನ ನಿನ್ನ ಬಸ್ಸು ಹತ್ತಿಸ್ತೇನಿ," ಎಂದು ಮಾತು ಕೊಟ್ಟರು.

ಹತ್ತಿ ತುಂಬುತ್ತಿದ್ದ ಹೊರಕೋಣೆಗೆ ಸುಣ್ಣ ಬಳಿಸಿದರು. ಮಠದ ಅಯ್ಯನವರು ಪೂಜೆ ಮಾಡಿ, ಗಿರಾಕಿ ತುಂಬಿ ತುಳುಕಲಿ ಎಂದು ಹರಸಿದರು. ಊರವರು ಬೆಲ್ಲ-ಕೊಬ್ಬರಿ ತಿಂದು, ತಂತಮ್ಮ ರೋಗಗಳನ್ನು ಜೋಪಾನವಾಗಿ ಮನೆಗೆ ಒಯ್ದರು. ಹೊಸ ಅಂಗಡಿಗೆ ಬೋಣಿಗೆ ಮಾಡುವುದು ಪುಣ್ಯದ ಕೆಲಸ, ನಿಜ. ಆದರೆ ಹೊಸ ದವಾಖಾನೆಗೆ? ಬೋಣಿಗೆ ಮಾಡಿದವನಿಗೆ ವರ್ಷವಿಡೀ ರೋಗ ಬಂದರೆ ಯಾರು ಹೊಣೆ? ಗುದ್ಲೆಪ್ಪನಂತೂ ಕೆಮ್ಮು ಬಂದರೆ ಬಾಯಿಗೆ ಶಲ್ಯ ಒತ್ತಿಕೊಂಡು ಆ ಬಾಗಿಲು ದಾಟುತ್ತಿದ್ದ. ಎರಡನೆಯವನಾಗಿ ಬರಲು ಮಾತ್ರ ಊರಿಗೆ ಊರೇ ತಯಾರಿತ್ತು.

ಏಳು ದಿನ ಕಳೆದವು. ನೀಲಪ್ಪ ಟ್ರಂಕಿಗೆ ಅರಿವೆ ತುಂಬತೊಡಗಿದ. ಎಂಟನೆಯ ದಿನ ಬೆಳಿಗ್ಗೆ ಕರಿಬಸಪ್ಪನವರು ರುಮಾಲು ಸುತ್ತಿ, ಚಪ್ಪಲಿ ಮೆಟ್ಟಿ, ತಮ್ಮ ಪಡಸಾಲೆಯಿಂದ ಹೊರಟು ತಮ್ಮದೇ ಹೊರಕೋಣೆಗೆ ರೋಗಿಯಾಗಿ ಚಿತ್ತೈಸಿದರು. ತಲೆ ನೋಯುತ್ತದೆ ಎಂದರು. ಶುದ್ಧ ಸುಳ್ಳು. ಐವತ್ತೆಂಟು ವರ್ಷದಲ್ಲಿ ಅವರು ಮಂದಿಗೆ ತಲೆನೋವು ತಂದದ್ದುಂಟು, ತಮಗೆ ತಂದುಕೊಂಡದ್ದಿಲ್ಲ. ಮಗ ಹೆಸರು ಬರೆದುಕೊಂಡದ್ದೇ ತಡ, ಕೂತಲ್ಲಿಂದಲೇ ಹೆಂಡತಿಗೆ ಕೂಗಿ ಹೇಳಿದರು: "ಹಾಲವ್ವಾ, ಬೋಣಿಗಿ ಆತು. ಹಿರೇಕೆರೂರಿನ ಕಾಗದಾ ಒಲಿಗೆ ಹಾಕು."

ನೀಲಪ್ಪ ಅವರ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದ. ಪಾದರಸ ಏರಿತು. ಮತ್ತೊಮ್ಮೆ ಒತ್ತಿದ, ಮತ್ತೂ ಏರಿತು. ಅವನ ಮುಖದ ನಗು ಇಳಿಯಿತು.

"ಅಪ್ಪಾ, ಬ್ಲಡ್ ಪ್ರೆಶರ್ ಬಾಳ ಐತ್ರಿ. ಇವತ್ತಿನಿಂದ ಉಪ್ಪು ಬಂದ್. ಉಪ್ಪಿನಕಾಯಿ, ಹಪ್ಪಳ, ತಂಬಾಕು ಎಲ್ಲಾ ಬಂದ್."

ಕರಿಬಸಪ್ಪನವರು ಧಾರಾಳವಾಗಿ ಹೂಂ ಎಂದರು. ಡಾಕ್ಟರು ಹೇಳುವುದು, ರೋಗಿ ತಿನ್ನುವುದು ಲೋಕಾರೂಢಿ. ಆದರೆ ಡಾಕ್ಟರನೇ ಪಕ್ಕದಲ್ಲಿ ಊಟಕ್ಕೆ ಕೂತರೆ? ಮಧ್ಯಾಹ್ನ ಮಗ ಅವರ ತಾಟಿನಿಂದ ಚಟ್ನಿ ಎತ್ತಿಟ್ಟ, ಎಲೆ-ಅಡಿಕೆಯ ಸಂಚಿ ಕಸಿದುಕೊಂಡ, ಹಪ್ಪಳದ ಡಬ್ಬಿಗೆ ಕೀಲಿ ಹಾಕಿದ. ಇತ್ತ ಬೋಣಿಗೆ ಆದ ಸುದ್ದಿ ಹಬ್ಬಿ, ಹೊರಗೆ ಗುದ್ಲೆಪ್ಪನ ಕೆಮ್ಮಿನ ಹಿಂದೆ ಊರೇ ಪಾಳಿ ಹಚ್ಚಿತ್ತು.

ಮೂರನೆಯ ದಿನ ಕರಿಬಸಪ್ಪನವರು ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಸರಕಾರಿ ನೌಕರಿಯ ಘನತೆ, ಪೆನ್ಶನ್ನು, ಹಿರೇಕೆರೂರಿನ ಹವೆ ಎಲ್ಲವನ್ನೂ ಹೊಗಳಿದರು. ಆಮೇಲೆ ದನಿ ತಗ್ಗಿಸಿ, ಆ ಕಾಗದ ಎಲ್ಲಿದೆ ಎಂದು ಕೇಳಿದರು.

"ಒಲಿಗೆ ಹಾಕು ಅಂದ್ರಿ, ಹಾಕೇನಿ," ಎಂದಳು ಹಾಲವ್ವ. "ಅವತ್ತಿನ ನಿಮ್ಮ ಸಪ್ಪನ ನುಚ್ಚು ಅದರ ಉರಿಯಾಗ ಬೆಂದಿದ್ದು."

ಮೂವತ್ತು ವರ್ಷದ ಸಂಸಾರದಲ್ಲಿ ಆಕೆ ಗಂಡನ ಮಾತನ್ನು ಹೇಳಿದ ಕೂಡಲೇ ನಡೆಸಿಕೊಟ್ಟದ್ದು ಅದೊಂದೇ ಸಲ.