ನೆಲ ಮುಟ್ಟದ ಅಳಿಯ

ಭಾನುವಾರ ಬೆಳಿಗ್ಗೆ ತಲೆಗೆ ಹೆಲ್ಮೆಟ್ ಇಟ್ಟು, ಮೈಗೆ ಸೇಫ್ಟಿ ಬೆಲ್ಟ್ ಬಿಗಿದು, ಸೂಪರ್‌ವೈಸರ್ ತನ್ನದೇ ಮನೆಯ ಪ್ಯಾಸೇಜಿನಲ್ಲಿ ದಂಡನಾಯಕನಂತೆ ನಿಂತಿದ್ದ. ಮನೆ ಕಟ್ಟುವ ಕಡೆ ಕೆಲಸದವರು ಮೇಲಿಂದ ಬೀಳದಂತೆ ನೋಡಿಕೊಳ್ಳುವುದು ಅವನ ಉದ್ಯೋಗ.

“ನನ್ನ ಸೈಟಲ್ಲಿ ಒಂದು ಇಟ್ಟಿಗೆ ಕೂಡ ನನ್ನ ಕೇಳದೆ ಬೀಳಲ್ಲ! ನಿಮ್ಮಮ್ಮ ಬೀಳೋಕೆ ಬಿಡ್ತೀನಾ?” ಎಂದ ಹೆಂಡತಿಗೆ.

ಸೊಂಟದ ಮೂಳೆ ಮುರಿದು ಈಗಷ್ಟೇ ಚೇತರಿಸಿಕೊಂಡಿದ್ದ ಅತ್ತೆ ಅಂದು ಬರುವವರಿದ್ದರು. ಮನೆ ನೋಡಿ ಧೈರ್ಯ ಬಂದರೆ ಇಲ್ಲೇ ಇರುವುದು. ಇಲ್ಲವಾದರೆ ಸಂಜೆಯೇ ದೊಡ್ಡ ಮಗಳ ಮನೆಗೆ ಹೊರಡುವುದು ಎಂದು ಮಾತಾಗಿತ್ತು.

“ಅಮ್ಮ ನನ್ನ ಹತ್ರ ಇರಬೇಕು ಕಣ್ರೀ. ಅಕ್ಕನ ಮುಂದೆ ನನ್ನ ಮಾನ ಕಳೀಬೇಡಿ.”

ಗೋಡೆಯುದ್ದಕ್ಕೂ ಹಿಡಿಕಂಬಿ ಬಂತು. ಜಾರುವ ಕಾಲೊರಸುಗಳು ಗಡೀಪಾರಾದವು. ಕೊನೆಗೊಂದು ಕಟ್ಟಪ್ಪಣೆ: “ನಡೆಯೋ ದಾರೀಲಿ ಅಡ್ಡ ಏನೇ ಕಂಡರೂ ಎತ್ತಿಡು. ನನ್ನ ಕೇಳಲೂಬೇಡ!”

ಉಳಿದದ್ದು ಪ್ಯಾಸೇಜಿನ ಮೇಲಿನ ಅಟ್ಟದ ಅಂಚಿಗೆ ಬಂದು ಕೂತಿದ್ದ ಹಳೆ ಪೆಟ್ಟಿಗೆಗಳು. ಛಾವಣಿಗೆ ತಾನೇ ಕೂರಿಸಿದ ಕಬ್ಬಿಣದ ಬಳೆಗೆ ಬೆಲ್ಟಿನ ಹಗ್ಗ ಸಿಕ್ಕಿಸಿ, ಏಣಿ ಹತ್ತಿ, ಅಟ್ಟದೊಳಗೆ ತೂರಿಕೊಂಡು ಅವನ್ನು ಒಳಕ್ಕೆ ತಳ್ಳತೊಡಗಿದ.

ಅಷ್ಟರಲ್ಲಿ ಹೊರಗೆ ಕಾರಿನ ಹಾರನ್! ಹೆಂಡತಿ ಅಡುಗೆಮನೆಯಿಂದ ಓಡಿಬಂದಳು. ನೋಡಿದರೆ ದಾರಿಯ ನಟ್ಟನಡುವೆ ಏಣಿ! ಕೇಳಲೂಬೇಡ ಎಂದಿದ್ದರು, ಕೇಳಲಿಲ್ಲ. ಅದನ್ನು ಹಿತ್ತಿಲಿಗೆ ಸಾಗಿಸಿ, ಅಮ್ಮನನ್ನು ಕರೆತರಲು ಹೋದಳು.

ಅಟ್ಟದ ವೀರ ಹಿಮ್ಮುಖವಾಗಿ ಸರಿದು ಗತ್ತಿನಿಂದ ಒಂದು ಕಾಲು ಇಳಿಬಿಟ್ಟ. ಮೆಟ್ಟಿಲು ಸಿಗಲಿಲ್ಲ. ಇನ್ನೊಂದನ್ನೂ ಬಿಟ್ಟ. ಅದಕ್ಕೂ ಸಿಗಲಿಲ್ಲ!

ಬೆಲ್ಟು ಮಾತ್ರ ಕರ್ತವ್ಯ ಮರೆಯಲಿಲ್ಲ. ವಾಕರ್ ಊರಿಕೊಂಡು ಒಳಬಂದ ಅತ್ತೆಗೆ ಮೊದಲು ಕಂಡದ್ದು, ನೆಲದಿಂದ ಮೊಳದೆತ್ತರದಲ್ಲಿ ಮೆಲ್ಲಗೆ ಸುತ್ತುತ್ತಿದ್ದ ಅಳಿಯ.

“ಬನ್ನಿ ಅತ್ತೆ, ಪ್ರಯಾಣ ಚೆನ್ನಾಗಿತ್ತಾ?” ಮುಖ ಬಾಗಿಲ ಕಡೆ ತಿರುಗಿದಾಗ ಅವನು ಕೇಳಿದ.

“ನಂದು ಚೆನ್ನಾಗಿತ್ತು. ನೀವೆಲ್ಲಿಗೆ ಹೊರಟ್ರಿ?”

ಉತ್ತರ ಹೊಳೆಯುವ ಹೊತ್ತಿಗೆ ಮುಖ ಗೋಡೆಯ ಕಡೆ ತಿರುಗಿತ್ತು. “ಏಣಿ ಎಲ್ಲೇ?” ಎಂದು ಗೋಡೆಗೇ ಅರಚಿದ.

“ಅಯ್ಯೋ, ನೀವೇ ಎತ್ತಿಡು ಅಂದ್ರಲ್ರೀ!”

“ಹತ್ತಿದವನು ಇಳಿಯೋದು ಬೇಡ್ವಾ?”

“ಕೇಳಲೂಬೇಡ ಅಂದ್ರಲ್ಲ!”

ಅತ್ತೆ ವಾಕರ್ ಬಿಟ್ಟು, ಹಿಡಿಕಂಬಿ ಹಿಡಿದು ಹತ್ತಿರ ಬಂದರು.

“ಅತ್ತೆ, ಜೋಪಾನ! ಬಿದ್ದೀರಿ!”

“ನಾನು ನೆಲದ ಮೇಲಿದ್ದೀನಪ್ಪ. ನಿಮ್ಮದು ನೀವು ನೋಡ್ಕೊಳ್ಳಿ.”

ಏಣಿ ಬಂತು. ಅಳಿಯ ಇಳಿದ. ಹೆಂಡತಿಯ ಕಣ್ಣಲ್ಲಿ ನೀರಾಡಿತು. “ಹೊರಟುಬಿಡ್ತೀಯೇನಮ್ಮ, ಅಕ್ಕನ ಮನೆಗೆ?”

ಅತ್ತೆ ಕುರ್ಚಿಯಲ್ಲಿ ಭದ್ರವಾಗಿ ಕೂತರು. “ಅಲ್ಲಿ ನನ್ನ ನೋಡ್ಕೊಳ್ಳೋಕೆ ಜನ ಇದ್ದಾರೆ ಕಣೆ. ಇಲ್ಲಿ ಇವರನ್ನ ನೋಡ್ಕೊಳ್ಳೋಕೆ ಯಾರಿದ್ದಾರೆ?”

ಸಂಜೆ ಸೂಪರ್‌ವೈಸರ್, ಅತ್ತೆ ಹೇಳಿದಂತೆ, ಅವರ ಮಂಚವನ್ನು ಅಟ್ಟ ಕಾಣುವ ಕಡೆಗೆ ತಿರುಗಿಸಿ ಹಾಕಿದ.