ಕನ್ನಂಬಾಡಿ ಕಟ್ಟೆಯವರಿಗೆ, ನಮ್ಮ ಮನೆಯ ಹೊಸ್ತಿಲಿನ ವಿಷಯವಾಗಿ

1996, ವೈಶಾಖ ಮಾಸ

ಮಾನ್ಯ ಕನ್ನಂಬಾಡಿ ಕಟ್ಟೆಯವರೇ,

ಕೃಷ್ಣರಾಜಸಾಗರ ಎಂಬ ರಾಜಮರ್ಯಾದೆಯ ಹೆಸರಿನಿಂದಲೂ ಪ್ರಸಿದ್ಧರಾದ ತಮಗೆ, ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಮುಳುಗಡೆಯಾದ ಊರಿನವರು ತಮ್ಮ ಹಿನ್ನೀರಿನ ದಡದ ದಿಬ್ಬದ ಮೇಲೆ ಕಟ್ಟಿಕೊಂಡ ಊರಿನ ನಿವಾಸಿ ಸೋಮಯ್ಯನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯ ಕಾಣಲಿಲ್ಲ, ಏಕೆಂದರೆ ತಮ್ಮ ಮಟ್ಟ, ಒಳಹರಿವು, ಹೊರಹರಿವು ಎಲ್ಲವೂ ದಿನಾ ಬೆಳಿಗ್ಗೆ ಪತ್ರಿಕೆಯಲ್ಲಿ ಅಚ್ಚಾಗುತ್ತವೆ. ಹೆತ್ತ ತಾಯಿಯ ಜ್ವರವನ್ನು ಕೂಡ ನಮ್ಮ ಜಿಲ್ಲೆಯಲ್ಲಿ ಯಾರೂ ಇಷ್ಟು ಮುತುವರ್ಜಿಯಿಂದ ನೋಡುವುದಿಲ್ಲ.

ತಮ್ಮ ಹಿರಿಮೆ ನನಗೆ ತಿಳಿಯದ್ದೇನಲ್ಲ. ಮಹಾರಾಜರ ಕಾಲದಲ್ಲಿ, 1911ರಲ್ಲಿ ಕೆಲಸ ಶುರುವಾಗಿ, ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಲ್ಲಿಗೆ ಕಲ್ಲು ಕಚ್ಚಿಸಿಕೊಂಡು ಎದ್ದು ನಿಲ್ಲಲು ತಾವು ಇಪ್ಪತ್ತು ವರ್ಷ ತೆಗೆದುಕೊಂಡಿರಿ. ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ತಪ್ಪದಂತೆ ಶಿವನಸಮುದ್ರಕ್ಕೆ ನೀರು ಕಳಿಸುವುದು, ಮಂಡ್ಯದ ಒಣಭೂಮಿಗೆ ನಾಲೆಯಲ್ಲಿ ಹರಿದು ಭತ್ತ, ಕಬ್ಬು ಬೆಳೆಸುವುದು, ಇವು ತಮ್ಮ ಹುಟ್ಟಿನ ಉದ್ದೇಶಗಳೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇನೆ. ಮುಂದಿನ ಊರುಗಳಿಗೆ ನೀರು, ಪ್ರವಾಸಿಗರಿಗೆ ಬೃಂದಾವನದ ಬಣ್ಣದ ಕಾರಂಜಿ, ಹಿಂದೆ ಕುಳಿತ ನಮಗೆ ದಿನವೂ ದರ್ಶನ. ಹೀಗೆ ಹಂಚಿಕೆಯಲ್ಲಿ ತಾವು ಯಾರನ್ನೂ ಬರಿಗೈಲಿ ಕಳಿಸಿದವರಲ್ಲ. ನಮ್ಮ ಹೊಲಗಳು ತಮಗಿಂತ ಎತ್ತರದಲ್ಲಿರುವುದು ನಮ್ಮದೇ ಅಹಂಕಾರವಿರಬೇಕು.

ಆದರೆ ಹೆಣ್ಣುಮಕ್ಕಳ ಮದುವೆಗೆ ಮುಹೂರ್ತ ಇಡುವ ಅಧಿಕಾರವನ್ನು ತಮಗೆ ಯಾವ ಸರ್ಕಾರ, ಯಾವ ಆದೇಶದ ಮೇರೆಗೆ ಕೊಟ್ಟಿತೆಂದು ತಿಳಿಸಬೇಕಾಗಿ ವಿನಂತಿ. ನನ್ನ ಮಗಳು ಪ್ರಮೀಳಾಳಿಗೂ ಪಾಂಡವಪುರದ ಕಡೆಯ ನಾಲೆ ಊರಿನ ರಘುನಂದನನಿಗೂ ಹೋದ ವರ್ಷ ಯುಗಾದಿಯಲ್ಲಿ ಮಾತಾಯಿತು. ಹುಡುಗ ಒಪ್ಪಿದ, ಹುಡುಗಿ ಒಪ್ಪಿದಳು, ಜಾತಕಗಳು ಕೂಡಿದವು. ಒಪ್ಪಬೇಕಾಗಿ ಉಳಿದವರು ತಾವೊಬ್ಬರೇ. ಹುಡುಗನ ತಂದೆ ಚಲುವರಾಜು ಎಲೆ ಅಡಿಕೆ ಹಾಕಿಕೊಳ್ಳುತ್ತ, "ಕಟ್ಟೆ ತುಂಬ್ಲಿ ಬೀಗ್ರೇ, ನಾಲೆಗೆ ನೀರ್ ಬುಡ್ಲಿ, ಭತ್ತ ಮನೆಗ್ ಬಂದ್ ಮಾರ್ನೆ ದಿನಾನೇ ಧಾರೆ ಎರ್ದ್ಬುಡನ" ಎಂದರು. ನಾಲೆ ಊರುಗಳಲ್ಲಿ ಇದೇ ಪದ್ಧತಿಯಂತೆ. ಪುರೋಹಿತರು ದಿನ ಹೇಳುತ್ತಾರೆ, ತಾವು ಅದಕ್ಕೆ ಸಹಿ ಹಾಕಬೇಕು.

ತಾವು ಹಾಕಲಿಲ್ಲ. ಶ್ರಾವಣದ ಒಂದು ಬೆಳಿಗ್ಗೆ ಕೆ.ಆರ್. ಪೇಟೆಯ ಹೋಟೆಲೊಂದರಲ್ಲಿ ಪತ್ರಿಕೆ ಬಿಡಿಸಿದವನಿಗೆ ತಾವು ತುಂಬಿದ ಗುರುತಾದ ನೂರಿಪ್ಪತ್ತನಾಲ್ಕು ಅಡಿ ಎಂಬ ಅಂಕಿ ಕಂಡಿತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ, ಶಾಮಿಯಾನದ ಅಬ್ದುಲ್ ವಾಹಿದ್ ಸಾಹೇಬರಿಗೆ ಚಪ್ಪರ ಹೇಳಿದೆ, ಬಾಳೆಹಣ್ಣಿನ ಚಿಪ್ಪು ಹಿಡಿದು ಬಸ್ಸು ಹತ್ತಿ ಬೀಗರ ಜಗಲಿಯ ಮೇಲೆ ಹೋಗಿ ಕುಳಿತೆ. ಚಲುವರಾಜು ಕನ್ನಡಕ ಏರಿಸಿ ಪತ್ರಿಕೆ ನೋಡಿದರು. "ಬೀಗ್ರೇ, ಇದು 'ಕಳೆದ ವರ್ಷ ಇದೇ ದಿನ' ಅನ್ನೋ ಸಾಲು ಕಣ್ರೀ" ಎಂದರು. ಈ ವರ್ಷದ ತಮ್ಮ ಮಟ್ಟ ಅದರ ಪಕ್ಕದಲ್ಲೇ, ಬಹಳ ಕೆಳಗೆ, ತಲೆತಗ್ಗಿಸಿ ಕುಳಿತಿತ್ತು. ಬಾಳೆಹಣ್ಣನ್ನು ಅವರ ದನಗಳು ತಿಂದವು. ವಾಹಿದ್ ಸಾಹೇಬರು ಮಾತ್ರ, "ಬುಡಿ ಸೋಮಣ್ಣ, ನೀರು ಬರ್ಲಿ ಇನ್ಷಾ ಅಲ್ಲಾ, ಶಾಮಿಯಾನ ಎಲ್ಲೂ ಓಗಲ್ಲ" ಎಂದು ದೊಡ್ಡ ಮನಸ್ಸು ತೋರಿಸಿದರು. ಅಂದು ನನಗಾದ ಅವಮಾನವನ್ನು ಕ್ಯೂಸೆಕ್ಕಿನಲ್ಲಿ ಅಳೆಯಲು ಬರುವುದಿಲ್ಲವಾದ್ದರಿಂದ ಇಲ್ಲಿ ನಮೂದಿಸಿಲ್ಲ.

ಇದರ ನಡುವೆ ನನ್ನ ತಾಯಿ ದೊಡ್ಡತಾಯಮ್ಮನವರ ಅಹವಾಲು ಬೇರೆ. ಎಂಬತ್ತು ದಾಟಿದ ಇವರು ಹುಡುಗಿಯಾಗಿದ್ದಾಗ, ತಾವು ಇನ್ನೂ ತುಂಬದ ಕಾಲದಲ್ಲಿ, ಹಳೆಯ ಊರಿನ ನಮ್ಮ ಮನೆಯ ಹೊಸ್ತಿಲ ಮೇಲೆ ಅಕ್ಕಿಯ ಸೇರನ್ನು ಒದ್ದು ಸೊಸೆಯಾಗಿ ಒಳಗೆ ಬಂದವರು. ಬೇಸಿಗೆಯಲ್ಲಿ ತಾವು ಚೆನ್ನಾಗಿ ಇಳಿದರೆ ಆ ಕಲ್ಲು ಹೊಸ್ತಿಲು ಮೇಲೆ ಕಾಣುತ್ತದೆ. ಆಗ ನಮ್ಮ ಊರಿನವರೆಲ್ಲ ಕೆಳಗಿಳಿದು, ಅವರವರ ಮನೆಯ ಹೊಸ್ತಿಲು ಹುಡುಕಿ, ಅರಿಸಿನ ಕುಂಕುಮ ಇಟ್ಟು, ಬುತ್ತಿ ಉಂಡು ಬರುತ್ತೇವೆ. ತುಂಬಿದಾಗ ದೊಡ್ಡವರು ಬಂದು ತಮಗೆ ಬಾಗಿನ ಕೊಡುತ್ತಾರೆ. ಇಳಿದಾಗ ಬರುವವರು ನಾವು ಮಾತ್ರ. ಹೀಗಾಗಿ ನಮ್ಮ ಮನೆಯ ದೇವರ ಗೂಡಿನ ಮುಂದೆ ಮಗಳು ಕಟ್ಟೆ ತುಂಬಲೆಂದೂ, ಅಜ್ಜಿ ಕಟ್ಟೆ ಇಳಿಯಲೆಂದೂ, ಒಂದೇ ದೀಪಕ್ಕೆ ಎಣ್ಣೆ ಹಾಕಿ ಬೇಡಿಕೊಳ್ಳುತ್ತಿದ್ದರು. ತಾವು ವಯಸ್ಸಿಗೆ ಮರ್ಯಾದೆ ಕೊಟ್ಟಿರಿ.

ಕಳೆದ ವಾರ ಅಮ್ಮನನ್ನು ಗಾಡಿಯಲ್ಲಿ ಕೂರಿಸಿಕೊಂಡು ತಮ್ಮ ತಳಕ್ಕೆ ಇಳಿದಿದ್ದೆವು. ಅದೇ ದಿನ ಚಲುವರಾಜು ನಮ್ಮ ಮನೆಗೆ ಬಂದು, ಬಾಗಿಲಿಗೆ ಬೀಗ ಹಾಕಿರುವುದನ್ನು ಕಂಡು, ದಾರಿ ಕೇಳಿಕೊಂಡು ಬಿಸಿಲಲ್ಲಿ ಅಲ್ಲಿಗೇ ಬಂದರು. ಮುಖ ನೋಡಿದಾಗಲೇ ನನಗೆ ಅರ್ಥವಾಯಿತು. "ಒಂದ್ ಬೆಳೇನೂ ಆಗ್ನಿಲ್ಲ, ಮುಂದಿನ್ ವರ್ಸ ನೋಡನ" ಎಂದರು. ನಮ್ಮ ಕಡೆ ಹಾಗೆಂದರೆ ಸಂಬಂಧ ಬೇಡ ಎಂದೇ ಅರ್ಥ. ಪ್ರಮೀಳಾ ಬುತ್ತಿಯ ಗಂಟು ಬಿಚ್ಚುತ್ತಿದ್ದವಳು ಹಾಗೇ ನಿಂತುಬಿಟ್ಟಳು.

ಹೊಸ್ತಿಲ ಮೇಲೆ ಕುಳಿತಿದ್ದ ಅಮ್ಮ ತಲೆ ಎತ್ತಿ, "ಬಾ ಮಗ, ಕೂತ್ಕೋ, ಇದು ನಮ್ಮನೆ ನಡುಮನೆ. ನಿನ್ ಗದ್ದೆಗೆ ಬರೋ ನೀರು ಅರ್ವತ್ತೊರ್ಸದಿಂದ ಇಲ್ಲೇ ನಿಂತದೆ. ನಾನು ಇರೋ ಮನೇನೇ ಬುಟ್ಕೊಟ್ಟಿವ್ನಿ, ನಿನ್ಗೆ ಒಂದ್ ಬೆಳೆ ಬುಡಕ್ಕಾಗಾಕಿಲ್ವಾ?" ಎಂದರು.

ಚಲುವರಾಜು ಆ ಕಲ್ಲನ್ನು ನೋಡಿದರು, ಸುತ್ತ ಬಿರುಕುಬಿಟ್ಟ ಮಣ್ಣನ್ನು ನೋಡಿದರು, ಹೆಗಲ ಟವಲು ಹಾಸಿ ಕುಳಿತರು. ಹೊಸ್ತಿಲ ಅಂಚನ್ನು ಕೈಯಿಂದ ಸವರಿ, "ಇಲ್ಲೇ ಮಾಡ್ಬುಡನ ಬುಡವ್ವ" ಎಂದರು.

ಆದ್ದರಿಂದ, ಮಾನ್ಯರೇ, ಬರುವ ಸೋಮವಾರ ನನ್ನ ಮಗಳ ಧಾರೆ ತಮ್ಮ ತಳದಲ್ಲೇ ನಡೆಯಲಿದೆ. ಅಲ್ಲಿಯವರೆಗೆ ಕೊಡಗಿನ ಮೋಡಗಳಿಗೆ ಒಂದು ಮಾತು ಹೇಳಿ ತಡೆದಿಟ್ಟು, ಧಾರೆ ಮುಗಿದು ವಾಹಿದ್ ಸಾಹೇಬರು ಶಾಮಿಯಾನದ ಕೊನೆಯ ಗೂಟ ಕಿತ್ತ ಕೂಡಲೇ ಒಂದು ಕ್ಷಣವೂ ತಡಮಾಡದೆ ನೂರಿಪ್ಪತ್ತನಾಲ್ಕು ಅಡಿ ಮುಟ್ಟಬೇಕೆಂದು ಪ್ರಾರ್ಥನೆ. ಮಗಳು ನಾಲೆಯ ಮನೆಗೆ ಹೋಗುತ್ತಿದ್ದಾಳೆ, ಇನ್ನು ತಮ್ಮನ್ನು ಬೈಯುವ ಸೌಭಾಗ್ಯವೂ ನನಗೆ ಉಳಿಯಲಿಲ್ಲ. ಅಮ್ಮ ಕೂಡ ನಿನ್ನೆ ದೀಪಕ್ಕೆ ಎಣ್ಣೆ ಹಾಕುತ್ತ, "ಇನ್ ತುಂಬ್ಕೊಳ್ಲಿ ಬುಡು, ಮಗೀಗೆ ಅನ್ನ ಆಯ್ತದೆ" ಎಂದರು.

ತಮ್ಮ ಏರಿಳಿತಗಳಿಗೆಲ್ಲ ತಲೆಬಾಗುತ್ತ ಬಂದ ತಮ್ಮ ವಿಶ್ವಾಸಿ,
ಸೋಮಯ್ಯ

ತಾ.ಕ.: ಲಗ್ನಪತ್ರಿಕೆಯೊಂದನ್ನು ತಮ್ಮ ಉಳಿದಿರುವ ನೀರಿನಲ್ಲಿ ತೇಲಿಬಿಟ್ಟಿದ್ದೇನೆ. ಎಲ್ಲರ ಪತ್ರಿಕೆಯಲ್ಲೂ ತಪ್ಪದೇ ಬರಬೇಕು ಎಂದಿದೆ; ತಮ್ಮದರಲ್ಲಿ ಆ ಸಾಲನ್ನು ಹೊಡೆದುಹಾಕಿದ್ದೇನೆ, ಬೇಸರಿಸಬಾರದು. ಆಗ ಕರೆಯದೇ ನಮ್ಮ ಮನೆಗೆ ಬಂದು ಇಷ್ಟು ವರ್ಷ ಉಳಿದಿದ್ದೀರಿ, ಸೋಮವಾರ ಒಂದು ದಿನ ನಮ್ಮ ಮನೆಯನ್ನು ನಮಗೆ ಬಿಡಿ.